ಒಂದು, ಮೂರು, ಎರಡು

ಜೋರಾಗಿ ಮಾತಾಡ್ರಿ, ನನಗ ಕಿವಿ ಅಷ್ಟಕ್ಕಷ್ಟ.
ಮೂವತ್ತೊಂದು ವರ್ಷ ಈ ಉಮದಿ ನಾಕಾದಾಗ
ಬಾನೆಟ್ಟಿನೊಳಗ ತಲಿ ಇಟ್ಟವನ ಕಿವಿ
ಇನ್ನೇನ ಉಳದೀತು.
ಗಾಡಿ ನಂದಲ್ಲ, ನರ್ಸ್ ಸುಗಲಾಬಾಯೀದು.
ಮಾರಿಕೊಡು ಅಂದಾಳ.
ಸುಳ್ಳ ಹೇಳಿ ಮಾರು ಅಂದಿಲ್ಲ.

ಬೇಕಾದ್ರ ಬರಕೋರಿ:
ಏಳುನೂರಾ ತೊಂಬತ್ತಾರು ಸಿಸಿ, ಆರು ವಾಲ್ವು,
ಮೂರು ಸಿಲಿಂಡರು,
ಕಿಡಿ ಹಾರೂ ಸರತಿ ಒಂದು, ಮೂರು, ಎರಡು.
ಮೂವತ್ತೇಳು ಕುದರಿ, ಕಾಗದದ ಮ್ಯಾಲ.
ಸಂಖದ ಏರಿನಾಗ ಎ.ಸಿ. ಹಚ್ಚಿದ್ರ
ಐದಾರು ಕುದರಿ ಮೇಯಾಕ ಹೋಗತಾವ,
ಹಿಂದ ಮೂರು ಮಂದಿ ಕುಂತ್ರ
ಉಳದವೂ ತಿರುಗಿ ನೋಡತಾವ.

ಪಿಸ್ಟನ್ನಿನ ಅಗಲ ಅರವತ್ತೆಂಟೂವರಿ ಮಿಲಿಮೀಟರ್,
ನಿಮ್ಮ ಕೈಯಾಗಿನ ಚಾ ಕಪ್ಪಿನ ಬಾಯಿಯಷ್ಟ.
ಎಪ್ಪತ್ತೆರಡು ಮ್ಯಾಲ, ಎಪ್ಪತ್ತೆರಡು ಕೆಳಗ,
ಅಷ್ಟ ಅದರ ಊರು, ಅಷ್ಟ ಅದರ ದೇಶ.
ಅಷ್ಟರಾಗ ಹೋಗಿ ಬಂದು ಹೋಗಿ ಬಂದು
ಎರಡು ಲಕ್ಷ ಹನ್ನೊಂದು ಸಾವಿರ ಕಿಲೋಮೀಟರ್ ಆತು.
ಪಾಟಿ ಎಂ.ಎಚ್. ಹತ್ತು, ಪೆಟ್ರೋಲು ಚಡಚಣದ್ದು,
ತಿಂದ ಬೈಗಳೆಲ್ಲಾ ಕನ್ನಡದ್ದು.

ಈಗ ರೋಗದ ಮಾತು.
ಟೈಮಿಂಗ್ ಬೆಲ್ಟು ರಬ್ಬರಿಂದು.
ಚೈನ್ ಇದ್ದಿದ್ರ ಮೊದಲ ಗೊಣಗಾಡತಿತ್ತು,
ಬೆಲ್ಟು ನಮ್ಮ ಸಣ್ಣ ಭಾವನಂಗ,
ನಕ್ಕೋಂತ ಇದ್ದು ಒಂದಿನ ಹರಕೊಂಡ ಹೋಗತೈತಿ.
ಹೋದ ಉಗಾದಿಗೆ ಹೊಸಾದು ಹಾಕೀನಿ, ಚೀಟಿ ಐತಿ.
ಡಿಸ್ಟ್ರಿಬ್ಯೂಟರಿನ ಬುಡಕ ಆಯಿಲ್ ಜಿನಗತೈತಿ.
ಅದು ಬೆವರು, ಜ್ವರ ಅಲ್ಲ. ಒರಸ್ರಿ, ಮರೀರಿ.
ಬ್ಯಾಸಗ್ಯಾಗ ಪೆಟ್ರೋಲು ಪೈಪಿನಾಗ ಆವಿ ಆಗಿ
ಗಾಡಿ ನಡದಾರ್ಯಾಗ ಕುಂತ್ರ
ಹಸಿ ಅರಬಿ ಸುತ್ತಿ ನೀವೂ ಅದರ ಬಾಜೂಕ ಕುಂದರ್ರಿ.

ಹೆಡ್ ಗ್ಯಾಸ್ಕೆಟ್ ಒಮ್ಮಿ ಹೋಗಿತ್ತು,
ಈ ಮೌಲಾಲಿ ಅದನ್ನೇನ ಮುಚ್ಚಿಡಂಗಿಲ್ಲ.
ಮೇ ತಿಂಗಳ ಬಿಸಲು, ಜತ್ತದಿಂದ ಬರಾಕತ್ತಿದ್ಲು,
ಬಾಜೂದ ಸೀಟಿನ ಮ್ಯಾಲ ಲಸಿಕಿ ಡಬ್ಬಿ,
ಐಸು ಕರಗೀತಂತ ಕಣ್ಣು ಅದರ ಮ್ಯಾಲ.
ಇತ್ತ ಮುಳ್ಳು ಕೆಂಪಕ್ಕ ಹೋಗಿದ್ದು ಆಕಿ ನೋಡಲಿಲ್ಲ.
ಲಸಿಕಿ ತಣ್ಣಗ ಉಳೀತು, ಎಂಜಿನ್ ಕುದೀತು.
ಡಿಪ್‌ಸ್ಟಿಕ್ ತಗದ್ರ ಆಯಿಲು ಹಾಲ ಹಾಕಿದ ಚಾದ ಬಣ್ಣ.
ನಾ ಬೈಯಾಕ ಬಾಯಿ ತಗದೆ,
ನಲವತ್ತು ಕೂಸಿಂದ್ರಿ ಮೌಲಾಲಿ ಅಂದ್ಲು.
ಮಿರಜಿಗೆ ಒಯ್ದು ಹೆಡ್ಡು ಮಟ್ಟಸ ಮಾಡಿಸಿ ತಂದೆ,
ಲೇಥಿನವನ ರೊಕ್ಕ ಅಷ್ಟ ಇಸಕೊಂಡೆ.

ನಿಂತಾಗ ನಡಗತೈತಿ ಅಂದ್ರೇನ?
ಮೂರು ಸಿಲಿಂಡರಿಂದು ನಡಗೂದ.
ನಾಕು ಮಂದಿ ಹೊರೂ ಹೊರಸು
ಮೂರು ಮಂದಿ ಹೊತ್ತಂಗ.
ಅದನ್ನ ರಿಪೇರಿ ಮಾಡಂತ ಕೇಳಬ್ಯಾಡ್ರಿ.
ಆ ನಡಕ ಇರಲಿಲ್ಲಂದ್ರ
ನಾ ಎಂದೋ ಶಟರ್ ಎಳೀತಿದ್ದೆ.

ಟ್ಯಾಪೆಟ್ ಸಪ್ಪಳ ಐತಿ ಅಂತಾಳ ನನ್ನ ಮಗಳು ಜೈತೂನ.
ಸಂದು ಸೊನ್ನಿ ಪಾಯಿಂಟ್ ಒಂದು ಐದು ಇರಬೇಕು,
ಗೇಜ್ ಹಾಕಿ ನೋಡ್ಯಾಳ, ಎರಡನೇದು ಸಡಲ.
ಆಕಿ ಕಿವೀಲೆ ಕೇಳತಾಳ.
ನಂದ ಬ್ಯಾರೆ: ಉದ್ದನ್ನ ಸ್ಕ್ರೂಡ್ರೈವರು,
ತುದಿ ವಾಲ್ವ್ ಕವರಿಗೆ, ಹಿಡಿಕಿ ಹಲ್ಲಿಗೆ.
ಸಪ್ಪಳ ಎಲುಬು ಹಾದು ಬರತೈತಿ,
ಕಿವೀನ ಅಪ್ಪಣಿ ಕೇಳಂಗಿಲ್ಲ.
ಡಾಕ್ಟರ ಮುಂದ ಹೇಳಿದ್ರ ನಕ್ಕ.

ಬರ್ರಿ, ನೀವೂ ಒಮ್ಮಿ.
ನಾಚಬ್ಯಾಡ್ರಿ, ಹಿಡಿಕಿ ತೊಳದೀನಿ.
ಜೈತೂನ, ಚಾವಿ ತಿರುವು.
ಎರಡೂ ಕಿವಿ ಗಟ್ಟಿ ಮುಚ್ಚಿಕೋರಿ,
ಮೆಲ್ಲಕ ಕಚ್ಚರಿ.

ಒಂದು.
ಮೂರು.
ಎರಡು, ಹೂಂ, ಅದ ನೋಡ್ರಿ, ತುಸು ಎಡವತೈತಲ್ಲ,
ಅದs.

ಆತು, ತಗೀರಿ ಬಾಯಾಗಿಂದ.
ಈಗ ಹೇಳ್ರಿ, ಎಷ್ಟ ಕೊಡತೀರಿ.